ಹತ್ತು ಕೋಟಿಯೋ, ಹತ್ತು ಲಕ್ಷವೋ? ಕಾಲರಾ ಬರುವ ಲೆಕ್ಕ

ಕಾಲರಾ ಅಂದ್ರೆ ಅಜ್ಜಂದಿರ ಕಾಲದ ಕಾಯಿಲೆ ಅಂತ ನಮ್ಮಲ್ಲಿ ಹಲವರು ತಿಳ್ಕೊಂಡಿದ್ದೇವೆ. ಆದರೆ 2024ರ ಏಪ್ರಿಲ್‌ನಲ್ಲಿ ಬೆಂಗಳೂರು ಮೆಡಿಕಲ್ ಕಾಲೇಜಿನ ಹಾಸ್ಟೆಲ್‌ನ 47 ವಿದ್ಯಾರ್ಥಿನಿಯರು ವಾಂತಿ-ಭೇದಿಯಿಂದ ಆಸ್ಪತ್ರೆ ಸೇರಿದ್ರು. ಪರೀಕ್ಷೆಯಲ್ಲಿ ಕೆಲವರಿಗೆ ಕಾಲರಾ ಇರುವುದು ಖಚಿತವಾಯ್ತು. ಡಾಕ್ಟರ್ ಆಗುವವರ ಹಾಸ್ಟೆಲ್‌ನಲ್ಲೇ ಹೀಗಾದ್ರೆ ನಮ್ಮ ಹಾಸ್ಟೆಲ್, ನಮ್ಮ ಮನೆ ಬಾವಿಯ ಕಥೆ ಏನು?

ಇದನ್ನು ಸಂಖ್ಯೆಯಾಗಿ ನೋಡಿದ್ರೆ ನಮಗೆ ಬೇಗ ಅರ್ಥ ಆಗುತ್ತೆ. ವಿಬ್ರಿಯೋ ಕಾಲರೆ ಎಂಬ ಬ್ಯಾಕ್ಟೀರಿಯಾಕ್ಕೆ ಆಮ್ಲ ಆಗಿಬರುವುದಿಲ್ಲ. ನಾವು ನುಂಗಿದ್ದರಲ್ಲಿ ಹೆಚ್ಚಿನವು ಹೊಟ್ಟೆಯಲ್ಲೇ ಸಾಯುತ್ತವೆ. ಅಮೆರಿಕದಲ್ಲಿ ಸ್ವಯಂಸೇವಕರ ಮೇಲೆ ನಡೆದ ಪ್ರಯೋಗಗಳಲ್ಲಿ ಬರೀ ನೀರಿನ ಜೊತೆ ಕೊಟ್ಟಾಗ ಕಾಯಿಲೆ ಬರಲು 10 ಕೋಟಿಗೂ ಹೆಚ್ಚು ಬೇಕಾಯ್ತು. ಸೋಡಾ ಕುಡಿಸಿ ಆಮ್ಲ ಕಡಿಮೆ ಮಾಡಿದಾಗ 10 ಲಕ್ಷವೇ ಸಾಕಾಯ್ತು. ಅಂದ್ರೆ ಅಪಾಯ ಏರುವುದು ಎರಡು ದಾರಿಯಲ್ಲಿ: ಒಳಗೆ ಹೋಗುವ ಸಂಖ್ಯೆ ಹೆಚ್ಚಾಗಬೇಕು, ಇಲ್ಲವೇ ಹೊಟ್ಟೆಯ ಕಾವಲು ಸಡಿಲವಾಗಬೇಕು.

ಮೊದಲನೆಯದಕ್ಕೆ ಕಡಬದ ಕಡೆಯ ಬಾವಿಗಳನ್ನೇ ನೋಡೋಣ. ಬೇಸಿಗೆಯಲ್ಲಿ ನೀರು ಆಳದಲ್ಲಿರುತ್ತೆ. ಶೌಚಾಲಯದ ಗುಂಡಿಯಿಂದ ಇಂಗಿದ ನೀರು ಅಲ್ಲಿಗೆ ತಲುಪಲು ಎಷ್ಟೋ ಅಡಿ ಒಣ ಮಣ್ಣನ್ನು ದಾಟಬೇಕು, ಆ ಮಣ್ಣೇ ಫಿಲ್ಟರ್. ಆಟಿ ತಿಂಗಳಲ್ಲಿ ಕುಮಾರಧಾರಾ ತುಂಬಿ ಹರಿಯುವಾಗ ಬಾವಿಯ ನೀರೂ ಕೈಗೆಟುಕುವಷ್ಟು ಮೇಲೆ ಬಂದಿರುತ್ತೆ, ಗುಂಡಿಯ ತಳಕ್ಕೂ ನೀರಿಗೂ ನಡುವೆ ಒಣ ಮಣ್ಣೇ ಉಳಿಯುವುದಿಲ್ಲ. ಮೇಲಾಗಿ ನಮ್ಮದು ಮುರಕಲ್ಲಿನ ನೆಲ. ಅದರೊಳಗಿನ ತೂತುಗಳಲ್ಲಿ ನೀರು ಸೋಸದೆ ಸರಸರ ಓಡುತ್ತೆ. ಬಾವಿಗೆ ಕಟ್ಟೆ ಇಲ್ಲದಿದ್ದರೆ ಗುಡ್ಡೆಯ ನೀರು ನೇರ ಒಳಗೆ. ಹಾಗಂತ ಎಲ್ಲ ಬಾವಿಯಲ್ಲೂ ಕಾಲರಾ ಇದೆ ಅಂತ ಅಲ್ಲ ಮಾರಾಯ್ರೆ! ಸೋಂಕು ತಗಲಿದ ಒಬ್ಬರು ಆ ಗುಂಡಿ ಬಳಸಿರಬೇಕು. ಆದರೆ ಸೋಂಕು ಬಂದವರಲ್ಲಿ ಬಹಳ ಜನರಿಗೆ ಲಕ್ಷಣವೇ ಇರುವುದಿಲ್ಲ, ಮಲದಲ್ಲಿ ಮಾತ್ರ ಕೆಲವು ದಿನ ಬ್ಯಾಕ್ಟೀರಿಯಾ ಹೋಗ್ತಾ ಇರುತ್ತೆ.

ನಮ್ಮ ಕಡೆ ಬಿಸಿನೀರು ಕುಡಿಯುವ ಅಭ್ಯಾಸ ಒಳ್ಳೆಯದೇ. ಆದರೆ ಕುದಿಸಿದ ನೀರು ತುಂಬಾ ಬಿಸಿ ಅಂತ ಅರ್ಧ ಲೋಟ ತಣ್ಣೀರು ಬೆರೆಸ್ತೇವಲ್ಲ, ಅಲ್ಲಿ ಎಡವಟ್ಟು. 10 ಲಕ್ಷ ಇದ್ದದ್ದು 5 ಲಕ್ಷ ಆಯ್ತು ಅಷ್ಟೇ. ಲಾಗ್ ಸ್ಕೇಲ್‌ನಲ್ಲಿ ಇದು ಏನೂ ಅಲ್ಲ. ಜಾತ್ರೆಯ ಶರಬತ್ತಿನ ಐಸ್‌ಗೂ ಇದೇ ಮಾತು. ಕ್ಲೋರಿನ್ ಹಾಕುವುದಾದರೆ ಅರ್ಧ ಗಂಟೆ ಬಿಟ್ಟು ನೋಡಿದಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಕೆಂಪು ಕೆಸರು ನೀರಾದರೆ ಕ್ಲೋರಿನನ್ನು ಕೆಸರೇ ತಿಂದುಬಿಡುತ್ತೆ. ಹೊರಗಿಟ್ಟ ರಾತ್ರಿಯ ಅನ್ನದಲ್ಲಿ ಈ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತೆ. ಹುಳಿ ಇರುವ ಊಟದಲ್ಲಿ ಅಷ್ಟು ಸುಲಭವಲ್ಲ.

ಎರಡನೆಯ ದಾರಿ ಹಾಸ್ಟೆಲ್‌ನಲ್ಲೇ ಇದೆ. ಮೆಸ್ ಊಟಕ್ಕೆ ಗ್ಯಾಸ್ಟ್ರಿಕ್ ಅಂತ ದಿನಾ ಬೆಳಿಗ್ಗೆ ಪ್ಯಾಂಟಾಪ್ರಜೋಲ್ ನುಂಗುವವರು ಪ್ರತಿ ಫ್ಲೋರ್‌ನಲ್ಲೂ ಸಿಗ್ತಾರೆ. ಆ ಮಾತ್ರೆಯ ಕೆಲಸವೇ ಆಮ್ಲ ಕಡಿಮೆ ಮಾಡುವುದು. ಡಾಕ್ಟರ್ ಬರೆದುಕೊಟ್ಟಿದ್ದರೆ ಬಿಡಬೇಕಿಲ್ಲ, ಮೆಡಿಕಲ್ ಶಾಪ್‌ನಿಂದ ನಾವೇ ತಂದು ತಿಂಗಳುಗಟ್ಟಲೆ ನುಂಗುವುದು ಬೇರೆ ವಿಷಯ. ಅಪೌಷ್ಟಿಕತೆ ಇರುವ ಮಕ್ಕಳಲ್ಲೂ ಆಮ್ಲ ಕಡಿಮೆ. ಓ ರಕ್ತದ ಗುಂಪಿನವರಿಗೆ ಸೋಂಕು ಹೆಚ್ಚು ತಗಲುತ್ತೆ ಅಂತಲ್ಲ, ಬಂದರೆ ಜೋರಾಗಿ ಬರುವ ಸಾಧ್ಯತೆ ಜಾಸ್ತಿ. ಯಾಕೆ ಅನ್ನುವುದು ಇನ್ನೊಂದು ಲೇಖನಕ್ಕಾಗುವ ವಿಷಯ.

ಅಕ್ಕಿ ತೊಳೆದ ನೀರಿನಂಥ ಭೇದಿ ಶುರುವಾದರೆ ಗಂಟೆಗೆ ಒಂದು ಲೀಟರ್‌ವರೆಗೂ ನೀರು ಹೋಗಬಹುದು. ಒಆರ್‌ಎಸ್ ಪ್ಯಾಕೆಟ್ ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಒಳಗಿನ ಊರಿಂದ ಜೀಪು ಹತ್ತಿಸಿ ಆಸ್ಪತ್ರೆಗೆ ಕರ್ಕೊಂಡು ಹೋಗುವಾಗ, ದಾರಿಯಲ್ಲೂ ಗುಟುಕು ಗುಟುಕಾಗಿ ಕುಡಿಸ್ತಾ ಇರಬೇಕು.