ಜರ್ಮನಿಯಲ್ಲಿ ಕಟ್ ಆದ ಟ್ಯಾಕ್ಸ್ ವಾಪಸ್ ಬರುತ್ತಾ?

ಇವತ್ತು ನನ್ನದೇ ತಪ್ಪಿನಿಂದ ಶುರು ಮಾಡ್ತೀನಿ. 2021ರಲ್ಲಿ ಓದು ಮುಗಿಸಿ, ಸೆಪ್ಟೆಂಬರ್‌ನಲ್ಲಿ ಮೊದಲ ಕೆಲಸಕ್ಕೆ ಮ್ಯೂನಿಕ್‌ಗೆ ಹೋದೆ. ತಿಂಗಳಾ ತಿಂಗಳಾ ಟ್ಯಾಕ್ಸ್ ಕಟ್ ಆಗ್ತಿತ್ತು. ಅಲ್ಲಿಗೆ ಲೆಕ್ಕ ಮುಗೀತು ಅಂದ್ಕೊಂಡೆ.

ಮುಗಿದಿರಲಿಲ್ಲ. ವರ್ಷಪೂರ್ತಿ ಅದೇ ಸಂಬಳ ಬರುತ್ತೆ ಅಂತ ಲೆಕ್ಕ ಹಾಕಿ ಅಲ್ಲಿ ತಿಂಗಳ ತೆರಿಗೆ ಹಿಡಿಯುತ್ತಾರೆ. ನಾನು ದುಡಿದಿದ್ದು ನಾಲ್ಕೇ ತಿಂಗಳು. ಆ ವರ್ಷ 9,744 ಯೂರೋವರೆಗಿನ ಆದಾಯಕ್ಕೆ ತೆರಿಗೆಯೇ ಇರಲಿಲ್ಲ. ಹೆಚ್ಚಿಗೆ ಹೋದ ಹಣ ನನ್ನದೇ, ಆದರೆ ರಿಟರ್ನ್ ಹಾಕಿ ಕೇಳಬೇಕು.

ನಾವು ಪರದೇಶದವರು, ನಮಗೂ ಇದು ಸಿಗುತ್ತಾ? ಸಿಗುತ್ತೆ. ಅಲ್ಲಿ ಮನೆ ಮಾಡಿಕೊಂಡಿದ್ದರೆ ಅಥವಾ ಆರು ತಿಂಗಳಿಗಿಂತ ಹೆಚ್ಚು ನೆಲೆಸಿದ್ದರೆ ತೆರಿಗೆ ಲೆಕ್ಕದಲ್ಲಿ ನೀವು ನಿವಾಸಿ. ಪೌರತ್ವ ಬೇಕಿಲ್ಲ.

ಒಂದು ಎಚ್ಚರಿಕೆ. ಅದೇ ವರ್ಷ ಬೆಂಗಳೂರಲ್ಲಿ ಸಂಬಳ ಪಡೆದಿದ್ದರೆ ಅದನ್ನೂ ತೋರಿಸಬೇಕು. ಅದರ ಮೇಲೆ ಜರ್ಮನಿ ತೆರಿಗೆ ಹಾಕಲ್ಲ, ಆದರೆ ನಿಮ್ಮ ತೆರಿಗೆ ದರ ಏರುತ್ತೆ, ರಿಫಂಡ್ ಇಳಿಯುತ್ತೆ. ಆಗ ರಿಟರ್ನ್ ಹಾಕೋದು ಕಡ್ಡಾಯವೂ ಆಗಬಹುದು.

ಕಡ್ಡಾಯ ಇಲ್ಲದವರಿಗೆ ನಾಲ್ಕು ವರ್ಷ ಟೈಮ್. ನನ್ನ 2021ರ ಗಡುವು 2025ರ ಡಿಸೆಂಬರ್ 31. ಸರ್ಕಾರಿ ಪೋರ್ಟಲ್ ಎಲ್‌ಸ್ಟರ್ ಉಚಿತ, ಆದರೆ ಅದರ ಕೋಡ್ ಅಂಚೆಯಲ್ಲಿ ಬರುತ್ತೆ. ನನಗೆ ಬಂದಿದ್ದು ಡಿಸೆಂಬರ್ 29ಕ್ಕೆ! ಆ ಎರಡು ದಿನ ನಿದ್ದೆ ಇಲ್ಲ.

ನೀವು ಹಾಗೆ ಮಾಡ್ಬೇಡಿ. ವರ್ಷದ ಕೊನೆಗೆ ಕಂಪನಿ ಕೊಡೋ ತೆರಿಗೆ ಪತ್ರ ಎಲ್ಲಿದೆ ಅಂತ ಇವತ್ತೇ ಹುಡುಕಿ.