ಮೊಡವೆಗೆ ಮಾತ್ರೆ: ನುಂಗೋದೋ, ಬಿಡೋದೋ?

2015ರ ಮಲಯಾಳಂ ‘ಪ್ರೇಮಂ’ನಲ್ಲಿ ಸಾಯಿ ಪಲ್ಲವಿ ಮೊಡವೆ ಮುಚ್ಚದೇ ತೆರೆಗೆ ಬಂದರು, ಜನ ಮನಸೋತರು! ಆದರೆ ಕೆನ್ನೆ ತುಂಬ ಕೀವುಗಂಟು ಎದ್ದವನಿಗೆ ಅದು ಸಮಾಧಾನವೇ ಸ್ವಾಮಿ? ಪಿ.ಯು.ಸಿ. ಬಿಟ್ಟ ವರ್ಷ ನಾನು ಕನ್ನಡಿಗೆ ಟವೆಲ್ ಹೊದಿಸಿಟ್ಟಿದ್ದೆ.

ಚರ್ಮದ ಡಾಕ್ಟರು ಬರೆದದ್ದು ಐಸೋಟ್ರೆಟಿನಾಯಿನ್. 1982ರಲ್ಲಿ ಅಮೆರಿಕ ಒಪ್ಪಿದ ಔಷಧಿ. ಚರ್ಮಕ್ಕೆ ಜಿಡ್ಡು ಸುರಿಸುವ ಗ್ರಂಥಿಗಳನ್ನೇ ಕುಗ್ಗಿಸುತ್ತದೆ. “ಮೊದಲು ರಕ್ತ ಪರೀಕ್ಷೆ ಮಾಡಿಸಿಕೊಂಡು ಬಾ” ಅಂದರು. ಲಿವರ್ ಮೇಲೂ ರಕ್ತದ ಕೊಬ್ಬಿನ ಮೇಲೂ ಕಣ್ಣಿಡಬೇಕಂತೆ.

ಮೊದಲ ತಿಂಗಳು ಮೊಡವೆ ಇನ್ನೂ ಜಾಸ್ತಿಯಾಯ್ತು! ತುಟಿ ಒಡೆದು, ನಕ್ಕರೆ ರಕ್ತ. ಕಾಮಿಡಿ ಸೀನಿಗೂ ಬಾಯಿ ಬಿಗಿಹಿಡಿದು ಕೂತವನು ನಾನು. ಆರು ತಿಂಗಳಲ್ಲಿ ಗಂಟುಗಳು ಮಾಯ. ಹಳೇ ಗುಳಿಗಳು ಮಾತ್ರ ಉಳಿದವು, ಅವು ಈ ಮಾತ್ರೆಗೆ ಜಗ್ಗೋದಿಲ್ಲ.

ಕೆಲವರಿಗೆ ಮನಸ್ಸು ಕುಗ್ಗಬಹುದೆಂಬ ಎಚ್ಚರಿಕೆಯೂ ಇದೆ. ಹಾಗನ್ನಿಸಿದರೆ ಅಂದೇ ಡಾಕ್ಟರಿಗೆ ಹೇಳಿ, ಮುಚ್ಚಿಡಬೇಡಿ.

ನಿಮ್ಮ ಮಾತ್ರೆಯನ್ನು ಅಕ್ಕತಂಗಿಯರಿಗೆ, ಗೆಳತಿಗೆ ಕೊಟ್ಟೀರಿ, ಜೋಕೆ! ಬಸುರಿ ನುಂಗಿದರೆ ಹುಟ್ಟುವ ಮಗುವಿಗೆ ಘೋರ ಅಂಗವೈಕಲ್ಯದ ಅಪಾಯ. ಹೀರೋ ಹುಟ್ಟುಹಬ್ಬಕ್ಕೆ ನಾವು ಅಭಿಮಾನಿಗಳು ರಕ್ತದಾನ ಮಾಡ್ತೀವಲ್ಲ? ಮಾತ್ರೆ ನಿಲ್ಲಿಸಿ ಒಂದು ತಿಂಗಳಾಗುವವರೆಗೆ ಅದೂ ಬೇಡ. ಆ ರಕ್ತ ಯಾವ ಬಸುರಿಗೆ ಹೋದೀತೋ!