ಒದ್ದೆಯಾದರೂ ಹರಿಯದ ಬಟ್ಟೆ

ಚೆಲ್ಲಿದ ಹಾಲನ್ನು ಒರೆಸುವ ಕಾಗದದ ಹಾಳೆ ಈಗ ಅನೇಕ ಅಡುಗೆಮನೆಗಳನ್ನು ಸೇರಿದೆ. ಒಂದು ಸಲ ಒರೆಸಿದರೆ ಅದರ ಆಯುಸ್ಸು ಮುಗಿಯಿತು. ಹಳೆಯ ಪಂಚೆಯಿಂದ ಹರಿದುಕೊಂಡ ಮಸಿಬಟ್ಟೆಯಾದರೋ ಬಹುಕಾಲ ದುಡಿಯುತ್ತದೆ. ಎರಡರ ಮೂಲವಸ್ತುವೂ ಸೆಲ್ಯುಲೋಸೇ. ಹಾಗಿದ್ದೂ ಈ ಭೇದವೇಕೆ?

ಕಾಗದದಲ್ಲಿರುವ ಮರದ ನಾರುಗಳು ಬಲು ಗಿಡ್ಡ. ಸಾಮಾನ್ಯವಾಗಿ 1ರಿಂದ 3 ಮಿಲಿಮೀಟರು. ಅವನ್ನು ಒಂದಕ್ಕೊಂದು ಬಿಗಿದಿರುವುದು ಬಹುಮಟ್ಟಿಗೆ ಜಲಜನಕ ಬಂಧಗಳು. ನೀರಿನ ಅಣುಗಳು ನಾರುಗಳ ನಡುವೆ ನುಸುಳಿ ಆ ಬಂಧಗಳನ್ನು ಬಿಡಿಸುತ್ತವೆ. ಇದನ್ನು ತಡೆಯಲು ಕೆಲವು ಕಾಗದಗಳಿಗೆ ರಾಳ ಸೇರಿಸುವುದುಂಟು. ಆದರೂ ಅವು ಒಗೆತವನ್ನು ಬಹುಕಾಲ ತಾಳಲಾರವು. ಹತ್ತಿಯ ಎಳೆ ಸಾಮಾನ್ಯವಾಗಿ 25ರಿಂದ 30 ಮಿಲಿಮೀಟರು ಉದ್ದ. ಹುರಿಗೊಂಡು ನೂಲಾದ ಎಳೆಗಳನ್ನು ಹಿಡಿದಿಡುವುದು ಅವುಗಳ ನಡುವಣ ಘರ್ಷಣೆ. ಅಷ್ಟೇ ಅಲ್ಲ, ಒದ್ದೆಯಾದ ಹತ್ತಿಯ ಎಳೆ ಒಣಗಿದುದಕ್ಕಿಂತ ಗಟ್ಟಿ! ಒಗೆಯುವ ಕಲ್ಲಿನ ಪೆಟ್ಟನ್ನು ಬಟ್ಟೆ ತಾಳುವುದು ಹೀಗೆ.

ಇದಕ್ಕಾಗಿ ಹೊಸ ಬಟ್ಟೆ ಕೊಳ್ಳುವುದು ನಮಗೆ ಸರಿದೋರದು. ಒಂದು ಕಿಲೋಗ್ರಾಂ ಹತ್ತಿ ಬೆಳೆಯಲು ಸಾವಿರಾರು ಲೀಟರು ನೀರು ಬೇಕು. ಮೇಲಾಗಿ ಹಳೆಯ ಬಟ್ಟೆಯೇ ನೀರನ್ನು ಚೆನ್ನಾಗಿ ಹೀರುತ್ತದೆ. ನೂಲಿಗೆ ಬಳಿದ ಗಂಜಿ ಮೊದಲಾದವು ಒಗೆತದಲ್ಲಿ ಹೋಗಿರುತ್ತವೆ.

ಒಂದು ಅಪಾಯವುಂಟು. ಎಂಜಲೊರೆಸಿ ಮೂಲೆಗೆ ಮುದ್ದೆಮಾಡಿ ಎಸೆದ ಬಟ್ಟೆಯಲ್ಲಿ ತೇವವೂ ಆಹಾರವೂ ಒಟ್ಟಿಗೆ ದೊರೆತು ಬ್ಯಾಕ್ಟೀರಿಯಗಳು ಬೇಗನೆ ಹೆಚ್ಚುತ್ತವೆ. ಮಸಿಬಟ್ಟೆ ಎಂದ ಮಾತ್ರಕ್ಕೆ ಅದು ಮಸಿಯಾಗಿಯೇ ಇರಬೇಕೆಂದಿಲ್ಲವಷ್ಟೆ! ದಿನವೂ ಸಾಬೂನಿನಲ್ಲಿ ಒಗೆದು, ಆಗಾಗ ಕೆಲವು ನಿಮಿಷ ಕುದಿಸಿ, ಬಿಸಿಲಿಗೆ ಹರವಿದರೆ ಅವುಗಳಲ್ಲಿ ಬಹುಪಾಲು ಅಳಿಯುತ್ತವೆ. ಹಸಿ ಮಾಂಸ ತಾಗಿದ ಬಟ್ಟೆಯಿಂದ, ಅದನ್ನು ಕುದಿಸುವವರೆಗೆ, ಬೇರೇನನ್ನೂ ಒರೆಸಲಾಗದು.